ಬೇಡ ಅಂದರೂ ತೊಳೆದ ಪೀಪಾಯಿ

ಶಿರಸಿ

ನಾನು ಹುಟ್ಟಿದ್ದು ಸಿದ್ದಾಪುರ ತಾಲೂಕಿನ ಹೇರೂರಿನಲ್ಲಿ, ಮದುವೆಯಾಗಿ ಬಂದದ್ದು ಶಿರಸಿ ಪೇಟೆಗೆ, ಪರದೇಶಕ್ಕೆ ಹೋದದ್ದು ಜನ್ಮದಲ್ಲಿ ಒಂದೇ ಸಲ, ಅದೂ ಬಿಯರ್ ಹಬ್ಬಕ್ಕೆ. ನೆಂಟರ ಮನೆಯಲ್ಲಿ ಯಾರಾದರೂ ಕೇಳಿದರೆ ಇಂದಿಗೂ "ಅಲ್ಲೊಂದು ಆಹಾರ ಮೇಳ ಇತ್ತು" ಎನ್ನುತ್ತೇನೆ. ಅದು ಪೂರ್ತಿ ಸುಳ್ಳಲ್ಲ, ಅಲ್ಲಿ ಹುರಿದ ಶೇಂಗಾ ಕೂಡ ಸಿಗುತ್ತಿತ್ತು.

ನಮ್ಮದು ಉಪ್ಪಿನಕಾಯಿ ಮಾಡಿ ಮಾರುವ ಮನೆ. ಯಲ್ಲಾಪುರದ ಕಡೆಯ ಹೊಳೆದಂಡೆಯ ಮರಗಳಿಂದ ಅಪ್ಪೆಮಿಡಿ ಬರುತ್ತದೆ. ಪರಿಮಳದ ಎಳೆ ಮಾವಿನಕಾಯಿ ಅದು. ತೊಟ್ಟು ಮುರಿದರೆ ಸೊನೆಯ ವಾಸನೆ ನಮಗಿಂತ ಮೊದಲು ಅಡುಗೆಮನೆ ಮುಟ್ಟುತ್ತದೆ. ಮಿಡಿಯನ್ನು ಮೊದಲು ಬರೀ ಉಪ್ಪಿನಲ್ಲಿ ಹಾಕಿ ತಿಂಗಳುಗಟ್ಟಲೆ ಚಿರುಟಲು ಬಿಡಬೇಕು, ಖಾರದ ಮಾತು ಆಮೇಲೆ. ನಮ್ಮ ಮಾವನವರು ಇದಕ್ಕೆಂದೇ ಕುಮಟೆಯಿಂದ ಒಂದು ಮರದ ಪೀಪಾಯಿ ತರಿಸಿದ್ದರು. ಇಪ್ಪತ್ತೈದು ವರ್ಷ ಅದರಲ್ಲಿ ಮಿಡಿ, ಉಪ್ಪು ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಮಾವನವರು ಹೋದರು, ಪ್ಲಾಸ್ಟಿಕ್ ಡ್ರಮ್ಮುಗಳು ಬಂದವು, ಪೀಪಾಯಿ ಹಿತ್ತಿಲ ಕಡೆಯ ಮೂಲೆಯಲ್ಲಿ ಪಿಂಚಣಿ ತೆಗೆದುಕೊಂಡವರ ಹಾಗೆ ಕೂತಿತ್ತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಬನವಾಸಿ ನೋಡಲು ಬಂದ ಒಬ್ಬ ಡೆನ್ಮಾರ್ಕಿನ ಹೆಂಗಸು ಉಪ್ಪಿನಕಾಯಿ ಕೊಳ್ಳಲು ನಮ್ಮ ಮನೆಗೂ ಬಂದಳು. ಹೆಸರು ಮೆಟ್ಟೆ. ನಮ್ಮ ಅತ್ತೆ ಭಾಗೀರಥಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು: "ಎಂತ? ಮೆಟ್ಟೆ? ಕಾಲಿಗೆ ಹಾಕ್ಯಂಬ ಮೆಟ್ಟನೇ?" ನಾನು ಅದನ್ನು ಇಂಗ್ಲಿಷಿಗೆ ತರಲಿಲ್ಲ. ಮೆಟ್ಟೆಗೆ ಊರಿನಲ್ಲಿ ಬಿಯರ್ ಮಾಡುವ ಕಸುಬು. ಬಿಯರನ್ನು ಹಳೆಯ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾಳೆ, ಪೀಪಾಯಿಯಲ್ಲಿ ಮೊದಲು ಏನಿತ್ತೋ ಅದರ ಗುಣ ಬಿಯರಿಗೆ ಇಳಿಯುತ್ತದೆ. ಅವಳು ನಮ್ಮ ಪೀಪಾಯಿಯೊಳಗೆ ತಲೆ ಹಾಕಿದವಳು ತೆಗೆಯಲೇ ಇಲ್ಲ. ನಮ್ಮ ಅತ್ತೆ "ತಲೆ ಸಿಕ್ಕಂಡಿತನೇ, ನೋಡು" ಎಂದರು. ಹೊರಗೆ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು, ಅದು ಉಪ್ಪಿನ ಘಾಟಿಗೋ ಸಂತೋಷಕ್ಕೋ ತಿಳಿಯಲಿಲ್ಲ.

ಮೂರು ತಿಂಗಳಿಗೆ ಕಾಗದ ಬಂತು. ಆ ಪೀಪಾಯಿ ನನಗೆ ಬೇಕು, ಅದರಲ್ಲಿಟ್ಟ ಬಿಯರನ್ನು ಮುಂದಿನ ವರ್ಷದ ದೊಡ್ಡ ಹಬ್ಬಕ್ಕೆ ಒಯ್ಯುತ್ತೇನೆ, ನೀವೂ ಬರಲೇಬೇಕು, ಟಿಕೇಟು ನನ್ನದು ಎಂದು ಬರೆದಿದ್ದಳು. ಕೊನೆಯಲ್ಲಿ ಒಂದು ಸಾಲು: ದಯವಿಟ್ಟು ಪೀಪಾಯಿಯನ್ನು ತೊಳೆಯಬೇಡಿ.

ನಮ್ಮನೆಯವರು ಇದನ್ನು ಕನ್ನಡ ಮಾಡಿ ಓದಿದಾಗ ಅತ್ತೆ ನಕ್ಕರು. "ಪಾಪ, ಮರ್ಯಾದಸ್ತೆ. ಯಂಗಕ್ಕೆ ತೊಂದರೆ ಆಗ್ತು ಹೇಳಿ ಹಂಗೆ ಬರದ್ದು. ಊಟಕ್ಕೆ ಕೂತವು ಸಾಕು ಸಾಕು ಹೇಳ್ತ, ಹಂಗಂತ ಬಡ್ಸದು ಬಿಡೂಲಾಗ್ತಾ? ಪರದೇಶಕ್ಕೆ ಹೋಪ ಪಾತ್ರೆ ತೊಳೀದೇ ಕೊಟ್ರೆ ಜನ ಎಂತ ಹೇಳ್ತ?"

ನನಗೂ ಅದೇ ಸರಿ ಕಂಡಿತು. ನಾವಿಬ್ಬರೂ ಸೆರಗು ಕಟ್ಟಿ ನಿಂತೆವು. ಮೊದಲು ಬೂದಿ, ಆಮೇಲೆ ಹುಣಸೆಹಣ್ಣು, ಆಮೇಲೆ ಸೀಗೆಪುಡಿ ಕದಡಿದ ಬಿಸಿನೀರು, ಮೂರು ದಿನ ಬಿಸಿಲು. ಕಡೆಗೆ ಅತ್ತೆ ಕೆಂಡದ ಮೇಲೆ ಇಂಗು ಹಾಕಿ, ಪೀಪಾಯಿ ಬೋರಲು ಹಾಕಿ, ಎರಡು ಸಲ ಹೊಗೆ ಕೊಟ್ಟರು. ಉಪ್ಪಿನಕಾಯಿ ಭರಣಿಗೆ ನಾವು ಮಾಡುವುದೇ ಹಾಗೆ. ಖಾಲಿ ಪಾತ್ರೆ ಕಳಿಸಬಾರದೆಂದು ತಳದಲ್ಲಿ ಒಂದು ಹೆಂಟೆ ಬೆಲ್ಲವನ್ನೂ ಇಟ್ಟರು.

ಪೀಪಾಯಿ ಒಯ್ಯಲು ಬಂದ ಲಾರಿಯವನು ದಾಸನಕೊಪ್ಪದವನು. "ಅಲ್ರೀ ಅಕ್ಕಾರ, ಖಾಲಿ ಪೀಪಾಯಿ ತಗೊಂಡು ಅವರೇನ್ ಮಾಡ್ತಾರ್ರೀ?" ಎಂದು ಕೇಳಿದ. ಬಿಯರ್ ತುಂಬುತ್ತಾರಂತೆ ಎಂದೆ. ಅವನು ಹಗ್ಗ ಬಿಗಿಯುವುದನ್ನು ನಿಲ್ಲಿಸಿದ. "ನಮ್ಮ ಕಡೆ ಬಾಟ್ಲಿ ಖಾಲಿ ಮಾಡೂ ಮಂದಿ ಭಾಳ ಅದಾರ. ಪೀಪಾಯಿಗಟ್ಲೆ ಕುಡಿಯೂ ಮಂದೀನ ನೋಡಿರಲಿಲ್ಲ ಬಿಡ್ರಿ" ಎಂದ.

ವಿಮಾನ ನಿಲ್ದಾಣ

ಮರುವರ್ಷದ ಮೇ ತಿಂಗಳಲ್ಲಿ ನಾನು ಹೊರಟೆ. ಮಿಡಿ ಹಂಗಾಮು ಮುಗಿಯುವ ಮೊದಲೇ ಹೊರಟೆನೆಂದು ಅತ್ತೆಗೆ ಸಿಟ್ಟು. ಆದರೂ ಒಂದು ಡಬ್ಬಿ ಇಂಗು ಕಟ್ಟಿಕೊಟ್ಟರು, ಒಂದು ಮಾತನ್ನೂ ಕಟ್ಟಿಕೊಟ್ಟರು: "ಅದ್ನ ಕುಡಿಯದಂತೂ ಇಲ್ಲೆ, ಮೂಗಿಗೂ ತಾಗ್ಸಡ." ನಾನು ದೇವರ ಮುಂದೆ ಹೂಂ ಎಂದೆ.

ಕೋಪನ್‌ಹೇಗನ್ನಿನಲ್ಲಿ ಇಳಿದ ಕೂಡಲೇ ಇಂಗಿನ ಪ್ರತಾಪ ಗೊತ್ತಾಯಿತು. ಸಾಮಾನು ಮೂಸುವ ನಾಯಿಯೊಂದು ಗಂಭೀರವಾಗಿ ಬಂದು ನನ್ನ ಚೀಲಕ್ಕೆ ಮೂಗು ಹಚ್ಚಿತು, ಎರಡು ಸಲ ಸೀನಿತು, ಮತ್ತೆ ತನ್ನ ಒಡೆಯನ ಕಾಲ ಹಿಂದೆ ಹೋಗಿ ಕೂತುಬಿಟ್ಟಿತು. ಅಧಿಕಾರಿ ಡಬ್ಬಿ ಬಿಚ್ಚಿಸಿದ. ಇದೇನು ಎಂದ. ಇಂಗು ಎಂದೆ. ಯಾತಕ್ಕೆ ಎಂದ. ಸಾರಿಗೆ, ಹೊಟ್ಟೆನೋವಿಗೆ, ಭರಣಿಗೆ ಹೊಗೆ ಹಾಕುವುದಕ್ಕೆ ಎಂದು ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ತಾನೇ ಒಮ್ಮೆ ಮೂಸಿದ, ಮುಚ್ಚಳ ಬಿಗಿಯಾಗಿ ಹಾಕಿದ, ಬೇಗ ಹೋಗಿ ಎಂದು ಕೈ ಮುಗಿಯುವುದೊಂದು ಬಾಕಿ.

ಹೊರಗೆ ಹೋಟೆಲುಗಳ ಮುಂದೆ ಕೂಸುಗಳನ್ನು ಗಾಡಿಯಲ್ಲಿ ಚಳಿಯಲ್ಲೇ ಮಲಗಿಸಿ ತಾಯಂದಿರು ಒಳಗೆ ಕಾಫಿ ಕುಡಿಯುತ್ತಿದ್ದರು. ಒಂದು ಕೂಸಿನ ಹತ್ತಿರ ನಾನು ಹತ್ತು ನಿಮಿಷ ಕಾವಲು ನಿಂತೆ. ತಾಯಿ ಹೊರಗೆ ಬಂದು, ನಾನು ಯಾರು, ಅಲ್ಲೇಕೆ ನಿಂತಿದ್ದೇನೆ ಎಂದು ಸಭ್ಯವಾಗಿ ಕೇಳಿದಳು. ನಮ್ಮೂರಲ್ಲಿ ಕೂಸಿಗೆ ದೃಷ್ಟಿಯಾಗುತ್ತದೆಂದು ಹೆದರುತ್ತಾರೆ, ಅಲ್ಲಿ ದೃಷ್ಟಿ ಹಾಕುವವಳು ನಾನೇ ಎಂದಾಯಿತು.

ಮೆಟ್ಟೆಯ ಕೊಟ್ಟಿಗೆ

ಮೆಟ್ಟೆಯ ಊರು ಒಂದು ದ್ವೀಪದಲ್ಲಿ, ರೈಲಿನಲ್ಲಿ ಹೋಗಬೇಕು. ಅವಳ ಬಿಯರ್ ಮನೆ ಮೊದಲು ದನದ ಕೊಟ್ಟಿಗೆಯಾಗಿತ್ತು. ಈಗ ದನ ಕಟ್ಟುವ ಜಾಗದಲ್ಲಿ ಹದಿನಾಲ್ಕು ಪೀಪಾಯಿಗಳು ಮಲಗಿವೆ: ಕೆಲವು ವಿಸ್ಕಿಯವು, ಕೆಲವು ದ್ರಾಕ್ಷಿ ಮದ್ಯದವು. ಪ್ರತಿಯೊಂದರ ಮೈಮೇಲೂ ಅದು ಎಲ್ಲಿಂದ ಬಂತು, ಒಳಗೆ ಮೊದಲು ಏನಿತ್ತು ಎಂದು ಸೀಮೆಸುಣ್ಣದಲ್ಲಿ ಬರೆದಿದೆ. ಬೆಳಿಗ್ಗೆ ಎದ್ದು ಅವಳು ಒಂದೊಂದರ ಬೆನ್ನು ತಟ್ಟಿ ಮಾತಾಡಿಸುತ್ತಾಳೆ. ನನ್ನ ತವರಿನಲ್ಲಿ ಗಬ್ಬದ ಆಕಳನ್ನು ಅಪ್ಪ ಹೀಗೇ ಮಾತಾಡಿಸುತ್ತಿದ್ದ, ನನಗೆ ಆ ಮನೆ ಅಲ್ಲಿಗೇ ಹಿಡಿಸಿತು.

ಅವಳ ಗಂಡ ಯೆನ್ಸ್ ದಿನಕ್ಕೆ ಆರು ಮಾತಾಡುವ ಮನುಷ್ಯ. ಅವನೇ ನನಗೆ ಅಲ್ಲಿಯ ವ್ಯವಹಾರ ತಿಳಿಸಿದ. ಪೀಪಾಯಿ ಬಿಯರಿನಲ್ಲಿ ಮೆಟ್ಟೆಯದು ಎತ್ತಿದ ಕೈ ಎಂದು ದೇಶದಲ್ಲೆಲ್ಲ ಹೆಸರು. ಆದರೆ ಆ ಕಸುಬು ನಿಂತಿರುವುದು ನಂಬಿಕೆಯ ಮೇಲೆ. ಹಿಂದೆ ಒಬ್ಬ, ಪೀಪಾಯಿಯಲ್ಲಿ ಇಟ್ಟೆ ಎಂದು ಹೇಳಿ ಉಕ್ಕಿನ ತೊಟ್ಟಿಗೆ ಮರದ ಚಕ್ಕೆ ಹಾಕಿ ಮಾರಿದ. ಸುಳ್ಳು ಹೊರಬಿದ್ದ ಮೇಲೆ ಅವನ ಅಂಗಡಿಯ ಮುಂದೆ ಯಾರೂ ನಿಲ್ಲುವುದಿಲ್ಲ. "ಈ ಸಲ ಅವಳು ಎಲ್ಲರಿಗೂ ನಿಮ್ಮ ಮಿಡಿಯ ವಿಷಯ ಹೇಳಿದ್ದಾಳೆ. ಪತ್ರಿಕೆಯಲ್ಲೂ ಬಂದಿದೆ. ಹಬ್ಬಕ್ಕೆ ಅದೊಂದೇ ಒಯ್ಯುತ್ತಿದ್ದೇವೆ" ಎಂದ. ಅವನ ಎರಡು ದಿನದ ಮಾತು ಅಲ್ಲಿಗೆ ಖರ್ಚಾಯಿತು.

ಮೆಟ್ಟೆ ಒಂದು ಗಾಜಿನ ಭರಣಿ ತಂದು ತೋರಿಸಿದಳು. ಒಳಗೆ ಕಪ್ಪು ಬಣ್ಣದ ಒಂದು ಗಟ್ಟಿ. "ಇದು ಪೀಪಾಯಿಯ ತಳದಲ್ಲಿತ್ತು. ವರ್ಷದಿಂದ ಯೋಚಿಸುತ್ತಿದ್ದೇವೆ, ಏನಿದು?"

"ಬೆಲ್ಲ" ಎಂದೆ. ಖಾಲಿ ಪಾತ್ರೆ ಕಳಿಸಬಾರದೆಂಬ ನಮ್ಮ ಕ್ರಮ ಹೇಳಿದೆ. ಅವಳು ಭರಣಿಯನ್ನು ಎದೆಗೆ ಒತ್ತಿಕೊಂಡಳು. ತೊಳೆದ ವಿಷಯ ಮಾತ್ರ ನಾನು ಎತ್ತಲಿಲ್ಲ. ಮಾಡಿದ ಉಪಕಾರವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ನಮ್ಮಲ್ಲಿ ಚಂದವಲ್ಲ. ಎಷ್ಟು ಚೊಕ್ಕವಾಗಿತ್ತು ಎಂದು ಅವಳೇ ಹೇಳಲಿ ಎಂದು ಕಾದೆ, ಅವಳು ಹೇಳಲಿಲ್ಲ.

ಅಂದು ಊಟಕ್ಕೆ ಬೇಯಿಸಿದ ಬಟಾಟೆ, ಕಪ್ಪು ರೊಟ್ಟಿ, ಸೇಬಿನ ಕೇಕು. ಒಂದು ಸುತ್ತು ಆದ ಮೇಲೆ ಮೆಟ್ಟೆ ಇನ್ನು ಸ್ವಲ್ಪ ಬೇಕೇ ಎಂದಳು. ನಾನು ಮರ್ಯಾದೆಗೆ "ಬೇಡ, ಸಾಕು" ಎಂದೆ. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಮರಳಿ ಬರುತ್ತಾಳೆಂದು ನಾನು ಕೈ ಒಣಗುವ ತನಕ ಕೂತೆ. ನೀರು ಓಡುವ ಸಪ್ಪಳ ಕೇಳಿಸಿತು. ಅವಳು ಪಾತ್ರೆ ತೊಳೆಯುತ್ತಿದ್ದಳು.

ಮರುದಿನವೂ ಹಾಗೆಯೇ. ಅವರ ಭಾಷೆಯಲ್ಲಿ ಧನ್ಯವಾದಕ್ಕೆ "ತಕ್" ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ "ತಗ" ಎಂದರೆ ತೆಗೆದುಕೊ. ಯೆನ್ಸ್ "ತಕ್" ಎಂದಾಗ ನಾನು ತಗೊಳ್ಳಲು ಕೈ ಚಾಚಿದೆ, ಅಷ್ಟರಲ್ಲಿ ತಟ್ಟೆ ಹೊರಟುಹೋಗಿತ್ತು. ಕೋಣೆಯ ಬಾಗಿಲು ಹಾಕಿಕೊಂಡು, ಮನೆಯಿಂದ ತಂದ ಒಗ್ಗರಣೆ ಅವಲಕ್ಕಿಯನ್ನು ಸಪ್ಪಳವಾಗದ ಹಾಗೆ ತಿಂದೆ. ಎರಡು ದಿನಕ್ಕೆ ಅದೂ ಮುಗಿಯಿತು.

ಹಬ್ಬದ ಬೆಳಿಗ್ಗೆ

ಹಬ್ಬದ ದಿನ ಬೆಳಿಗ್ಗೆ, ಹಿಂದಿನ ರಾತ್ರಿ ಬಂದು ಉಳಿದಿದ್ದ ಪೇಟೆಯ ವಸತಿಯಲ್ಲಿ ತಿಂಡಿಗೆ ಕೂತಾಗ ಯೆನ್ಸ್ ಇನ್ನೊಂದು ರೊಟ್ಟಿ ಬೇಕೇ ಎಂದ. ಹೊಟ್ಟೆ ಬೇಕು ಎಂದಿತು, ಬಾಯಿ ಅಭ್ಯಾಸದಂತೆ ಬೇಡ ಎಂದಿತು. ರೊಟ್ಟಿ ಹೋಯಿತು. ಹಸಿದವರಿಗೆ ನಾಚಿಕೆಯಿಲ್ಲ, ನಾನು ಕೇಳಿಯೇ ಬಿಟ್ಟೆ: "ನಿಮ್ಮಲ್ಲಿ ಬೇಡ ಅಂದವರಿಗೆ ಎರಡನೇ ಸಲ ಕೇಳುವುದಿಲ್ಲವೇ?"

ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಬೇಡ ಅಂದವರನ್ನು ಮತ್ತೆ ಯಾಕೆ ಕೇಳುವುದು? ಅವರ ಮಾತು ನಂಬಲಿಲ್ಲ ಅಂದ ಹಾಗೆ ಆಗುತ್ತದೆ. ಬೇಡ ಅಂದರೆ ಬೇಡ."

ಬೇಡ ಅಂದರೆ ಬೇಡ. ಕಾಫಿ ಲೋಟ ಕೆಳಗಿಟ್ಟೆ. ಆ ಕಾಗದದ ಕೊನೆಯ ಸಾಲು ಕಣ್ಣಮುಂದೆ ಬಂದು ನಿಂತಿತು. ದಯವಿಟ್ಟು ಪೀಪಾಯಿಯನ್ನು ತೊಳೆಯಬೇಡಿ. ಅವಳು ಉಪಚಾರ ಬರೆದಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದೇ ನಾವು ಬೂದಿ ಹಾಕಿ ಉಜ್ಜಿ ತೆಗೆದ ಆ ಕೊಳೆ. ಇಪ್ಪತ್ತೈದು ವರ್ಷದ ಮಿಡಿಯ ವಾಸನೆಯನ್ನು ನಾನು ಮತ್ತು ಅತ್ತೆ ಸೇರಿ ಹಿತ್ತಿಲ ಬಾಳೆಯ ಬುಡಕ್ಕೆ ಹರಿಸಿದ್ದೆವು.

ನನಗೆ ನಿಜವಾಗಿ ಹೆದರಿಕೆಯಾಯಿತು. ನನ್ನ ಮಾನ ಹೋದರೆ ಶಿರಸಿಗೆ ಗೊತ್ತಾಗುವುದಿಲ್ಲ, ಅವಳ ಹೆಸರು ಹೋದರೆ ಅವಳ ಊರಿಗೆಲ್ಲ ಗೊತ್ತಾಗುತ್ತದೆ.

ಹಬ್ಬದ ಅಂಗಳ

ಹಬ್ಬ ಒಂದು ದೊಡ್ಡ ಮಾಡಿನ ಕೆಳಗೆ. ಸಾವಿರಾರು ಜನ, ಆದರೆ ಸಾಲು ತಪ್ಪಿದವರಿಲ್ಲ. ನಮ್ಮಲ್ಲಿ ಕುಡಿಯುವವರು ಅಂಗಡಿಯ ಹಿಂದೆ ಗೋಡೆಗೆ ಮುಖ ಮಾಡಿ ಗಟಗಟ ಮುಗಿಸಿ ಬಾಯಿ ಒರೆಸಿಕೊಂಡು ಬರುತ್ತಾರೆ. ಇಲ್ಲಿ ಎರಡು ಗುಟುಕು ಲೋಟಕ್ಕೆ ಹಾಕಿಸಿಕೊಂಡು, ಬೆಳಕಿಗೆ ಹಿಡಿದು, ಮೂಸಿ, ಕಣ್ಣು ಮುಚ್ಚಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಇಷ್ಟು ಶಿಸ್ತಿನಿಂದ ನಾವು ವೇದವನ್ನೂ ಕಲಿತಿಲ್ಲ.

ಮೆಟ್ಟೆಯ ಅಂಗಡಿಯ ಮುಂದೆ ಕಪ್ಪು ಹಲಗೆ. ಅದರ ಮೇಲೆ ದೊಡ್ಡದಾಗಿ: ಶಿರಸಿಯ ಮಾವಿನಮಿಡಿ ಪೀಪಾಯಿಯಲ್ಲಿ ಎಂಟು ತಿಂಗಳು. ಅವಳು ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದಳು, ಬಂದವರಿಗೆಲ್ಲ "ಪೀಪಾಯಿಯ ಒಡತಿ" ಎಂದು ತೋರಿಸುತ್ತಿದ್ದಳು. ಹೊಕ್ಕುಳ ಮುಟ್ಟುವ ಗಡ್ಡದವನೊಬ್ಬ ಬಂದ. ಅವನು ಬರೆದದ್ದನ್ನು ಇಡೀ ದೇಶ ಓದುತ್ತದಂತೆ. ಲೋಟ ಮೂಸಿದ, ಹಲಗೆ ನೋಡಿದ, ಮತ್ತೆ ಮೂಸಿದ. "ಮಾವು. ಸ್ಪಷ್ಟವಾಗಿ ಮಾವು" ಎಂದು ಬರೆದುಕೊಂಡ.

ಮೆಟ್ಟೆ ನನ್ನ ಕೈ ಹಿಸುಕಿದಳು. "ಸರಸ್ವತಿ, ನೀವೂ ಮೂಸಿ ನೋಡಿ. ನಿಮ್ಮ ಮನೆಯ ವಾಸನೆ ಹೌದೋ ಅಲ್ಲವೋ ಇವರಿಗೆ ಹೇಳಿ."

ಅತ್ತೆಗೆ ಕೊಟ್ಟ ಮಾತು ನೆನಪಾಯಿತು. ಆದರೆ ಏನೂ ತಿಳಿಯದೆ ತಪ್ಪೊಪ್ಪಿಕೊಳ್ಳುವುದು ಹೇಗೆ? ಅತ್ತೆಯ ಕ್ಷಮೆ ಮನಸ್ಸಿನಲ್ಲೇ ಕೇಳಿ ಮೂಗು ತಾಗಿಸಿದೆ. ಮೂಸಿದರೆ ಅರ್ಧ ಊಟ ಮಾಡಿದ ಹಾಗೆ ಎಂದು ಶಾಸ್ತ್ರ ಹೇಳುತ್ತದೆ, ಆ ಲೆಕ್ಕದಲ್ಲಿ ಅವತ್ತು ನಾನು ಅರ್ಧ ಲೋಟ ಬಿಯರ್ ಕುಡಿದಿದ್ದೇನೆ.

ಮಿಡಿಯ ಸುಳಿವಿರಲಿಲ್ಲ. ಮೊದಲು ಬಂದದ್ದು ಹೊಗೆ. ಅದರ ಹಿಂದೆ ಶನಿವಾರದ ಎಣ್ಣೆಸ್ನಾನದ ಸೀಗೆ. ಎಲ್ಲದರ ತಳದಲ್ಲಿ, ಬೇರೇನೂ ಅಲ್ಲವೇ ಅಲ್ಲ ಎನ್ನುವ ಹಾಗೆ, ಇಂಗು. ನನಗೆ ಅತ್ತೆಯೇ ಎದುರು ಬಂದು ನಿಂತ ಹಾಗಾಯಿತು. ಊರು ಬಿಟ್ಟ ಮೇಲೆ ಮೊದಲ ಸಲ ಅಳು ಬಂತು.

"ಇದು ನಮ್ಮ ಮನೆಯ ವಾಸನೆ ಹೌದು" ಎಂದೆ. "ಆದರೆ ಮಿಡಿಯದ್ದಲ್ಲ. ನಾವು ಪೀಪಾಯಿ ತೊಳೆದಿದ್ದೆವು."

ಮೆಟ್ಟೆ ಕೈಯಲ್ಲಿದ್ದ ಜಗ್ಗನ್ನು ಮೆಲ್ಲಗೆ ಕೆಳಗಿಟ್ಟಳು. "ತೊಳೆಯಬೇಡಿ ಎಂದು ಬರೆದಿದ್ದೆ."

"ದಯವಿಟ್ಟು ಎಂದು ಬರೆದಿದ್ದಿರಿ."

"ದಯವಿಟ್ಟು ಅಂದರೆ ದಯವಿಟ್ಟು, ಸರಸ್ವತಿ."

ನಾನು ಎಲ್ಲ ಹೇಳಿದೆ: ಊಟಕ್ಕೆ ಕೂತವರು ಸಾಕು ಎನ್ನುವುದು, ನಾವು ಬಡಿಸುವುದು, ಅತ್ತೆ ಹೇಳಿದ ಮಾತು, ನಾನು ಮೂರು ದಿನ ಹಸಿದಿದ್ದದ್ದು. ಅವಳು ಅಂಗಡಿಯ ಹಿಂದೆ ಹೋಗಿ ಖಾಲಿ ಪೆಟ್ಟಿಗೆಯ ಮೇಲೆ ಕೂತಳು. ಯೆನ್ಸ್ ಸಾಲಿನವರಿಗೆ ಲೋಟ ತುಂಬುತ್ತಿದ್ದ. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತೆ. ಸಾಲಿನಲ್ಲಿದ್ದ ಒಬ್ಬ ಅಜ್ಜ, ಬಿಯರ್ ಖಾರವಿದೆಯೇ ಎಂದು ಕೇಳಿದ.

ಸ್ವಲ್ಪ ಹೊತ್ತಿಗೆ ಮೆಟ್ಟೆ ಪೆನ್ಸಿಲ್ಲು, ವಹಿ ಹಿಡಿದು ಬಂದಳು. ಮುಖ ಇನ್ನೂ ಬಿಗಿದೇ ಇತ್ತು. "ಏನೇನು ಹಾಕಿ ತೊಳೆದಿರಿ? ಕ್ರಮವಾಗಿ ಹೇಳಿ."

ಬೂದಿ ಎಂದೆ, ಬರೆದಳು. ಹುಣಸೆಹಣ್ಣು, ಸೀಗೆಪುಡಿ, ಮೂರು ದಿನದ ಬಿಸಿಲು. ಇಂಗಿನ ಹೊಗೆ ಎಂದಾಗ ತಲೆಯೆತ್ತಿದಳು. ಚೀಲದಲ್ಲಿದ್ದ ಡಬ್ಬಿ ತೆಗೆದು ಕೊಟ್ಟೆ. ನಾಯಿ ಸೀನಿದ ಇಂಗನ್ನು ಅವಳು ಮೂಸಿದಳು, ಲೋಟ ಮೂಸಿದಳು, ಮತ್ತೆ ಇಂಗು ಮೂಸಿದಳು. "ಮಿಡಿಯೇ ಹೀಗೆ ಮಾಗಿತೆಂದುಕೊಂಡಿದ್ದೆ, ಆದರೂ ಎಂಟು ತಿಂಗಳಿಂದ ಈ ವಾಸನೆ ಏನೆಂದು ಹುಡುಕುತ್ತಿದ್ದೆ" ಎಂದಳು. "ನಾನು ಮಾಡಿದ್ದರಲ್ಲೆಲ್ಲ ಒಳ್ಳೆಯ ಬಿಯರ್ ಇದು. ಮಾಡಿದ್ದು ಯಾರೆಂದು ಈಗ ಗೊತ್ತಾಯಿತು. ನಿಮ್ಮ ಅತ್ತೆಯ ಹೆಸರೇನು?"

ಹಲಗೆಯನ್ನು ಒರೆಸಿ ಹೊಸದಾಗಿ ಬರೆದಳು: ಮಾವಿನಮಿಡಿಯ ಪೀಪಾಯಿ. ಭಾಗೀರಥಿ ತೊಳೆದದ್ದು.

ಗಂಗೆಯ ಹೆಸರನ್ನು ಹೆಂಡದ ಅಂಗಡಿಯ ಮುಂದೆ ಬರೆಸಿದ ಪಾಪ ನನ್ನ ಖಾತೆಗೇ ಬಂತು. ಆದರೆ ಹಲಗೆ ಓದಿ ಜನ ನಿಂತರು, ಕಥೆ ಕೇಳಿದರು, ನಕ್ಕರು, ಮೂಸಿದರು, ಪಕ್ಕದವರನ್ನು ಕರೆತಂದರು. ಗಡ್ಡದವನೂ ಸುದ್ದಿ ಕೇಳಿ ಮರಳಿ ಬಂದ. ಹಲಗೆ ಓದಿದ, ಇನ್ನೊಂದು ಲೋಟ ಹಾಕಿಸಿಕೊಂಡು ಬಹಳ ಹೊತ್ತು ಮೂಸಿದ. "ನನಗೆ ಈಗಲೂ ಮಾವೇ ಬರುತ್ತಿದೆ" ಎಂದು ಹೋದ. ಬಹುಮಾನ ಚೆರಿ ಹಣ್ಣಿನ ಬಿಯರ್ ಒಂದಕ್ಕೆ ಸಿಕ್ಕಿತು. ನಮ್ಮ ಪೀಪಾಯಿ ಮಧ್ಯಾಹ್ನದೊಳಗೆ ಬರಿದಾಯಿತು.

ಮತ್ತೆ ಶಿರಸಿ

ಹೊರಡುವ ಹಿಂದಿನ ದಿನ ಮೆಟ್ಟೆ ಊಟಕ್ಕೆ ಬಡಿಸಿ, ಇನ್ನು ಸ್ವಲ್ಪ ಎಂದು ಮೂರು ಸಲ ಕೇಳಿದಳು. ನಾನು ಅಷ್ಟರಲ್ಲಿ ಮೊದಲನೇ ಸಲಕ್ಕೇ ಬೇಕು ಎನ್ನುವುದನ್ನು ಕಲಿತಿದ್ದೆ. ಮೂರು ಸಲವೂ ಹಾಕಿಸಿಕೊಂಡು ತಿಂದೆ, ಏಳಲಾಗಲಿಲ್ಲ.

ಅವಳು ಆ ಬಿಯರಿನ ಒಂದು ಖಾಲಿ ಬಾಟ್ಲಿ ಕೊಟ್ಟಳು. ಅದಕ್ಕೆ ತಾನೇ ಬರೆದು ಅಂಟಿಸಿದ ಚೀಟಿ; ನಾನು ಹೇಳಿಕೊಟ್ಟ ಹಾಗೆ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಚಿತ್ರ ಬಿಡಿಸಿದಂತೆ ಬರೆದಿದ್ದಳು. ಖಾಲಿ ಕೊಡಬಾರದೆಂದು ಒಳಗೆ ನಾಲ್ಕು ಕಲ್ಲುಸಕ್ಕರೆ ಹಾಕಿದ್ದಳು.

ಮನೆ ಮುಟ್ಟಿದ ದಿನ ಆಯಾಸಕ್ಕೆ ಕಣ್ಣು ಎಳೆಯುತ್ತಿತ್ತು. ಬಾಟ್ಲಿಯನ್ನು ಅತ್ತೆಯ ಕೈಗೆ ಕೊಟ್ಟು, "ಇದ್ನ ತೊಳೆಯಡಿ ಅತ್ತೆ, ಆಮೇಲೆ ಎಲ್ಲ ಹೇಳ್ತೆ" ಎಂದು ಮಲಗಿಬಿಟ್ಟೆ.

ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋದರೆ ಬಾಟ್ಲಿ ಕಲ್ಲಿನ ಮೇಲೆ ಬಿಸಿಲಿಗೆ ಬೋರಲಾಗಿತ್ತು. ಗಾಜು ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಸೀಗೆಪುಡಿಯ ಡಬ್ಬಿ, ಹೊಗೆಯಾಡುವ ಕೆಂಡ. ಚೀಟಿಯ ಚೂರೊಂದು ಬಚ್ಚಲ ಮೋರಿಯ ಹತ್ತಿರ ಒದ್ದೆಯಾಗಿ ಅಂಟಿತ್ತು.

"ತೊಳೆಯಡಿ ಹೇಳಿ ಹೇಳಿದ್ನಲೇ ಅತ್ತೆ" ಎಂದೆ.

"ಹೇಳಿದ್ದೆ. ಯಂಗೆ ತೊಂದರೆ ಆಗ್ತು ಹೇಳಿ ನೀನು ಹಂಗೆ ಹೇಳಿದ್ದೆ ಅಂದ್ಕಂಡಿ."

ನಾನು ಬಚ್ಚಲ ಕಟ್ಟೆಯ ಮೇಲೆ ಕೂತು ಹಬ್ಬದ ಕಥೆಯನ್ನು ಹೇಳಿದೆ. ಮೂಸಿದ್ದನ್ನೂ ಮುಚ್ಚಿಡಲಿಲ್ಲ. ಅತ್ತೆ ಸಿಟ್ಟು ಮಾಡಬಹುದೆಂದು ಅಂಜಿದ್ದೆ. ಅವರು ಬಾಟ್ಲಿಯನ್ನು ಎತ್ತಿ ಬೆಳಕಿಗೆ ಹಿಡಿದು, ಆ ದೇಶದವರು ಲೋಟ ನೋಡುತ್ತಿದ್ದ ಹಾಗೆಯೇ ನೋಡುತ್ತ ಕೇಳಿದರು.

"ಆ ಚೀಟಿಲಿ ಎಂತ ಬರ್ದಿತ್ತು?"

"ಭಾಗೀರಥಿ ತೊಳೆದದ್ದು ಹೇಳಿ ಬರ್ದಿತ್ತು."

ಅತ್ತೆ ಬಾಟ್ಲಿಯನ್ನು ಕೆಂಡದ ಹೊಗೆಯ ಮೇಲೆ ಬೋರಲು ಹಿಡಿದರು. "ಹಂಗಾರೆ ಅದು ಈಗ್ಲೂ ಖರೆಯೇ ಅಲ್ದನೇ" ಎಂದರು.